ಆರು ಗಂಟೆಯ ಗುಬ್ಬಿ

"ಗುಬ್ಬಿಯ ವಿಳಾಸ ಕೊಡ್ತೀನಿ, ಬರ್ಕೊಳ್ಳಿ," ಎಂದಳು ಹೆಂಗಸು, ಕುರ್ಚಿಯಲ್ಲಿ ಕೂರುವ ಮೊದಲೇ.

ಭದ್ರತಾ ಅಧಿಕಾರಿ ಪೆನ್ನಿಗಾಗಿ ತಡಕಾಡಿದ. ಆನ್‌ಲೈನ್ ಆಟದ ಕಂಪನಿಯ ಸರ್ವರ್ ಕಾಯುವುದು ಅವನ ಕೆಲಸ. ಎಂಟು ತಿಂಗಳಿಂದ ಈ ಗುಬ್ಬಿ ಅವನ ಮಾನ ಹರಾಜು ಹಾಕಿತ್ತು. ಸಂಜೆ ಆರಾಯಿತೆಂದರೆ ಪರದೆಯ ಮೇಲೆ 'ಗುಬ್ಬಿ ಬಂತು' ಎಂಬ ಎರಡು ಪದ. ಮರುಕ್ಷಣ ಲಕ್ಷಾಂತರ ಸುಳ್ಳು ಕೋರಿಕೆಗಳು ಒಮ್ಮೆಲೇ ನುಗ್ಗಿ ಆಟ ಉಸಿರುಗಟ್ಟಿ ನಿಲ್ಲುತ್ತಿತ್ತು. ಆಟಗಾರರು ಕಂಪನಿಯ ಪುಟಕ್ಕೆ ಬಂದು ಗುಬ್ಬಿಯ ಜನ್ಮ ಜಾಲಾಡುತ್ತಿದ್ದರು. ಹಿಡಿದುಕೊಟ್ಟವರಿಗೆ ಐದು ಲಕ್ಷ ಎಂದು ಸಾರಿದ್ದೇ ತಡ, ಕಂಡಕಂಡವರ ಮೇಲೆ ದೂರು. ಅಂಥದ್ದೊಂದನ್ನು ನಂಬಿ ನಿನ್ನೆ ಪೊಲೀಸರು ಮೊಬೈಲ್ ರಿಪೇರಿಯವನೊಬ್ಬನನ್ನು ಎತ್ತಿಕೊಂಡು ಹೋಗಿದ್ದರು.

"ಅವನಲ್ಲ ಸಾರ್. ಅವನು ಬರೀ ಗುಬ್ಬಿಯ ಸ್ನೇಹಿತ, ಪಾಪ, ಬಿಡ್ಸಿ. ಗುಬ್ಬಿ ನನ್ನ ಮಗ. ತೊಟ್ಟಿಲಲ್ಲಿದ್ದಾಗ ನಾನಿಟ್ಟ ಹೆಸರು."

ಅಧಿಕಾರಿ ಅವಳನ್ನು ದಿಟ್ಟಿಸಿದ. ದರ್ಜಿಯಂಗಡಿಯಿಂದ ನೇರ ಬಂದಿದ್ದಳು. ಬೆರಳಿಗೆ ಸೀಮೆಸುಣ್ಣ ಮೆತ್ತಿತ್ತು. ಹೆತ್ತ ಮಗನನ್ನೇ ಮಾರಲು ಬಂದಿದ್ದಾಳೆ!

"ಪುರಾವೆ?"

ಚೀಲದಿಂದ ಲ್ಯಾಪ್‌ಟಾಪ್ ತೆಗೆದಿಟ್ಟಳು. ದಾಳಿಗಳ ಲೆಕ್ಕವೆಲ್ಲ ಅದರಲ್ಲಿತ್ತು. ಮೊದಮೊದಲು ದಿನಕ್ಕೊಂದು ವರಸೆ. ನಡುವೆ ಹದಿನೈದು ದಿನ ಏನೂ ಇಲ್ಲ. ಆಮೇಲೆ ಮತ್ತೆ ಶುರು. ಆದರೆ ಅಂದಿನಿಂದ ಒಂದೇ ವರಸೆ. ಅಧಿಕಾರಿಯ ದಾಖಲೆಯೂ ಹಾಗೇ ಹೇಳುತ್ತಿತ್ತು.

"ಬಹುಮಾನ ಯಾರ ಹೆಸರಿಗಮ್ಮ?" ಬೇಕೆಂದೇ ಚುಚ್ಚಿದ.

"ದುಡ್ಡು ಬೇಡ ಸಾರ್."

"ಮಗನ ಮೇಲೆ ಅಷ್ಟೊಂದು ಸಿಟ್ಟಾ?"

"ಇತ್ತು. ಊಟಕ್ಕೆ ಹತ್ತು ಸಲ ಕರೀಬೇಕಿತ್ತು. ಬಂದೆ ಬಂದೆ ಅಂತಾನೇ ಇರ್ತಿದ್ದ."

"ಅವರಪ್ಪ ಏನಂತಾರೆ?"

"ಅವನ ಹೆಸರೆತ್ತಿದ್ರೆ ಸಾಕು, ಚಪ್ಪಲಿ ಮೆಟ್ಕೊಂಡು ಹೊರಗೆ ಹೋಗ್ಬಿಡ್ತಾರೆ. ನೆಂಟರೂ ಅಷ್ಟೇ, ಮಾತು ತಿರುಗಿಸ್ತಾರೆ."

ಅಧಿಕಾರಿ ಫೋನ್ ಕೈಗೆತ್ತಿಕೊಂಡ. "ಪೊಲೀಸರನ್ನ ಕಳಿಸ್ತೀನಿ. ಈಗ ಎಲ್ಲಿದ್ದಾನೆ?"

ಅವಳು ಮೊದಲ ಬಾರಿಗೆ ಕುರ್ಚಿಯಲ್ಲಿ ಕುಸಿದು ಕೂತಳು.

"ಲಾರಿ ಹೊಡೀತು ಸಾರ್. ಅವನು ಹೋಗಿ ನಾಲ್ಕು ತಿಂಗಳಾಯ್ತು."

"ಏನಮ್ಮ ಹೇಳ್ತಿದ್ದೀರಿ? ನಿನ್ನೆ ಆರು ಗಂಟೆಗೂ ಗುಬ್ಬಿ ಬಂದಿತ್ತಲ್ಲ!"

"ಅದು ನಾನು. ಅವನು ಯಾವ ಗುಂಡಿ ಒತ್ತುತ್ತಿದ್ದ ಅಂತ ನೋಡಿದ್ದೆ. ಅದೊಂದೇ ನಂಗೆ ಗೊತ್ತಿರೋದು. ಕೆಲಸ ಮುಗಿಸಿ ಬಂದು ಒತ್ತಿದ್ರೆ, ಸಾವಿರಾರು ಜನ ಗುಬ್ಬಿ ಗುಬ್ಬಿ ಅಂತ ಬಯ್ತಾರೆ... ಬಯ್ಲಿ ಬಿಡಿ ಸಾರ್, ನನ್ನ ಮಗನ ಹೆಸರು ಬೇರೆ ಯಾರೂ ಹೇಳಲ್ಲ."