ಸಂತೆಕಲ್ಲೂರಿನ ಮೊದಲ ಸೇರು

ಜೋಳದ ರಾಶಿಯಿಂದ ಒಂದು ಸೇರು ತುಂಬಿ, ಅಂಗೈಯಿಂದ ಮಟ್ಟ ಮಾಡಿ, ಚೀಲಕ್ಕೆ ಸುರಿದು ಖಿನ್ ಹೇಳಿದಳು: "ಒಂದು ಅನ್ರಿ." ಸಂತೆಕಲ್ಲೂರು ಸಾಲೆಯ ನಲವತ್ತು ಮಕ್ಕಳಲ್ಲಿ ಒಬ್ಬರಾದರೂ ಬಾಯಿ ಬಿಟ್ಟರೆ ಕೇಳಿ!

ಬಾಗಿಲ ಬಳಿ ಕೂತಿದ್ದ ಕಲ್ಯಾಣಮ್ಮ ಕತ್ತು ಚಾಚಿ ನೋಡಿದಳು. ಮಾಸ್ತರಿಕೆ ಕಲಿಯಲು ಬರ್ಮಾ ದೇಶದಿಂದ ಬಂದ ಈ ಹುಡುಗಿ ಖಿನ್‌ಗೆ ಮೂರು ತಿಂಗಳಿಂದ ದಿನಾ ಸಂಜೆ ಕನ್ನಡ ಕಲಿಸಿದವಳು ಅವಳೇ. ಯಾರೂ ಹೇಳಿದ್ದಲ್ಲ, ಯಾರೂ ಒಂದು ಕಾಸು ಕೊಟ್ಟಿದ್ದಲ್ಲ. ಮಸ್ಕಿ ಸಂತೆಯ ತನಕ ಹೋಗಿ ಇವಳ ಬಗ್ಗೆ ಬಡಾಯಿ ಕೊಚ್ಚಿ ಬಂದಿದ್ದಳು. ಇವತ್ತು ಹೈದರಾಬಾದಿನಿಂದ ಬಂದ ಇನ್ಸ್‌ಪೆಕ್ಟರ್ ಸಾಹೇಬರು ಈ ಒಂದು ಪಾಠ ನೋಡಿ ಪಾಸೋ ನಾಪಾಸೋ ಬರೆಯುವವರು. ನಾಪಾಸಾದರೆ ಹುಡುಗಿ ಬರಿಗೈಲಿ ಹಡಗು ಹತ್ತಬೇಕು. ಪಾಠದ ನಡುವೆ ಬೇರೆಯವರು ಬಾಯಿ ಹಾಕುವಂತಿಲ್ಲ.

"ಒಂದು ಅನ್ರಿ," ಎಂದಳು ಖಿನ್ ಮತ್ತೆ.

ಮುಂದಿನ ಸಾಲಿನ ಶಿವಬಸಮ್ಮ ಎದ್ದು ನಿಂತಳು. "ರಾಶಿ ಮುಂದ ಹಂಗ ಅನಬಾರದ್ರಿ ಅಕ್ಕೋರ. ಮೊದಲ ಸೇರಿಗೆ ಲಾಭ ಅಂತಾರ್ರಿ."

ಸಾಹೇಬರು ಪೆನ್ಸಿಲ್ ಕುಟ್ಟಿದರು. ಜೋಳವನ್ನು ರೊಟ್ಟಿಯಾದ ಮೇಲಷ್ಟೇ ಕಂಡಿದ್ದ ಪುಣ್ಯಾತ್ಮರು. "ಇದೇನು ತಮಾಷಾ? ಮಕ್ಕಳಿಗೆ ಒಂದು ಎರಡೂ ಬರೋದಿಲ್ಲೇನು?"

ಕಲ್ಯಾಣಮ್ಮ ಹಣೆ ಬಡಿದುಕೊಂಡಳು. ನನ್ನ ಬುದ್ಧಿಗೆ ಬೆಂಕಿ ಬೀಳ! ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ, ರಾಶಿ ಹೆಚ್ಚಲೆಂದು ಲಾಭ ಅನ್ನುವುದು ಊರಿನ ಕೂಸುಕುನ್ನಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನು ಬಾಯಿಬಿಟ್ಟು ಹೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಖಿನ್‌ಳ ಮುಖ ಕೆಂಪಾಯಿತು. ಆಮೇಲೆ ಚೀಲದ ಜೋಳವನ್ನು ರಾಶಿಗೇ ಸುರಿದು, ಸೇರನ್ನು ಶಿವಬಸಮ್ಮನ ಕೈಗಿಟ್ಟು, ತಾನು ಮಕ್ಕಳ ಸಾಲಿನಲ್ಲಿ ನೆಲಕ್ಕೆ ಕೂತಳು. "ನೀ ಅಳಿ. ನಾ ಕಲೀತೀನಿ."

"ಲಾಭ! ಎರಡು! ಮೂರು!" ಮಾಳಿಗೆ ಹಾರಿಹೋಗುವಂತೆ ಇಡೀ ಸಾಲೆ ಕೂಗಿತು. ಆರಕ್ಕೆ ಬಂದಾಗ ಖಿನ್ ಎದ್ದು ಕೈ ಅಡ್ಡ ಹಿಡಿದಳು. "ಸಾಕು. ಲಾಭ ಅಂದ್ರ ಎಷ್ಟು ಸೇರು? ಬಾಯಿಲೆ ಬ್ಯಾಡ, ಬೊಟ್ಟು ತೋರಿಸ್ರಿ."

ನಲವತ್ತು ತೋರುಬೆರಳು ಒಮ್ಮೆಲೇ ಮೇಲೆದ್ದವು. ಖಿನ್ ಹಲಗೆಯ ಮೇಲೆ ೧ ಬರೆದಳು. ಮುಂದಿನ ಕೂಡುವ ಲೆಕ್ಕವೆಲ್ಲ ಪಟಪಟನೆ ಸಾಗಿತು.

ಸಾಹೇಬರು ಪೆನ್ಸಿಲ್ ಕುಟ್ಟುವುದನ್ನು ಯಾವಾಗಲೋ ಬಿಟ್ಟಿದ್ದರು. ಬಾಗಿಲಲ್ಲಿದ್ದ ಕಲ್ಯಾಣಮ್ಮನಿಗೂ ಕಾಣುವಷ್ಟು ದಪ್ಪಕ್ಷರದಲ್ಲಿ "ಪಾಸು" ಎಂದು ಬರೆದು, ಅವಳ ಕಡೆ ತಿರುಗಿದರು. "ಭಲೇ ಅಮ್ಮ! ಈಕೆಗೆ ಕನ್ನಡ ಕಲಿಸಿದವರು ನೀವಂತೆ; ಈ ಉಪಾಯವೂ ನೀವೇ ಹೇಳಿಕೊಟ್ಟಿದ್ದೋ?"

ಹೂಂ ಅಂದುಬಿಟ್ಟಿದ್ದರೆ ಕೇಳುವವರು ಯಾರಿದ್ದರು? ಕಲ್ಯಾಣಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಹೆಮ್ಮೆಗೆ ಅವಳ ಕಣ್ಣು ತುಂಬಿದ್ದವು.

"ಇಲ್ರೀ ಸಾಹೇಬರ. ಲಾಭ ಅನ್ನೋದು ಕಲಿಸಾಕ ನಾ ಮರ್ತಿದ್ದೆ. ಕಲಿಸದ್ದನ್ನೂ ಕಲತಾಳ ಈಕಿ. ಅದನ್ನೂ ಬರಕೋರಿ."