ಮೀನೆಣ್ಣೆಯ ಬಾಗಿಲು

ಬಂದರಿನಲ್ಲಿ ದೋಣಿಗೆ ಮೀನೆಣ್ಣೆ ಬಳಿಯುವಾಗ ಹಾದುಹೋಗುವವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಈಗಲೂ ಒಂದು ಗಳಿಗೆ ಅಲ್ಲೇ ನಿಲ್ಲುತ್ತೇನೆ.

ಹೊನ್ನಾವರದ ಹತ್ತಿರ, ಹೊಳೆಯ ನಡುವಿನ ಸಣ್ಣ ಕುರ್ವೆ ನಮ್ಮದು. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಊರವರೆಲ್ಲ ಸೇರಿ ಅಲ್ಲೊಂದು ಸಭಾಭವನ ಕಟ್ಟಿದರು. ಚಿರೇಕಲ್ಲಿನ ಗೋಡೆ ಎದ್ದು ಹಂಚು ಹೊದೆಸಿದ್ದೂ ಆಯಿತು, ಬಾಗಿಲಿಗೆ ಮಾತ್ರ ಮರ ಸಾಲಲಿಲ್ಲ.

ನಮ್ಮ ಅಂಗಳದಲ್ಲಿ ತೀರಿಹೋದ ಅಜ್ಜನ ದೋಣಿ ಬೋರಲಾಗಿ ಬಿದ್ದಿತ್ತು. ಮದುವೆಯಾದ ದಿನ ಅಜ್ಜ ತಾನೇ ಹುಟ್ಟು ಹಾಕಿ ಅಜ್ಜಿಯನ್ನು ಅದರಲ್ಲೇ ಕುರ್ವೆಗೆ ಕರೆತಂದಿದ್ದನಂತೆ; ಬಳಿದ ಎಣ್ಣೆ ಆಗಿನ್ನೂ ಆರಿರಲಿಲ್ಲವಂತೆ. ಯಾರೂ ಹತ್ತದ ಆ ದೋಣಿಗೆ ಅಜ್ಜಿ ವರ್ಷವೂ ಮಳೆಗಾಲಕ್ಕೆ ಮುಂಚೆ ಮೀನೆಣ್ಣೆ ಬಳಿಯುತ್ತಿದ್ದಳು. ಆಚಾರಿ ಬಂದು ಹಲಗೆ ಸವರಿ ಅಜ್ಜಿಯ ಮುಖ ನೋಡಿದಾಗ ಅವಳೇ, "ಬಿಚ್ಚು ಮಾರಾಯ," ಎಂದಳು. ಅವನು ಹಲಗೆ ಕೀಳುವಷ್ಟು ಹೊತ್ತೂ ನನ್ನ ಜಡೆಯನ್ನು ಬಿಚ್ಚಿ ಹೆಣೆದು, ಬಿಚ್ಚಿ ಹೆಣೆದು ಕೂತಿದ್ದಳು. ಆ ಹಲಗೆಗಳೇ ಬಾಗಿಲಾದವು.

ಮರುವರ್ಷದ ಬೇಸಿಗೆಯ ಕೊನೆಗೆ ಭವನದಲ್ಲಿ ಮೊದಲ ಮದುವೆ. ಮಳೆ ಹತ್ತಿರ ಬಂತೆಂದು ಅಜ್ಜಿ ಹಿಂದಿನ ದಿನವೇ ಗರಟೆಯಲ್ಲಿ ಎಣ್ಣೆ ಒಯ್ದು ಬಾಗಿಲಿಗೆ ಬಳಿದು ಬಂದಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ಮದುಮಗಳು ದಣಿದು ಬಾಗಿಲಿಗೆ ಒರಗಿದಳು. ಹೊಸ ಸೀರೆಯ ಹೆಗಲ ಮೇಲೆ ಅಂಗೈಯಗಲ ಕಲೆಯಾಯಿತು.

"ಎಂತ ಮಾಡಿದ್ರಿ ಅಜ್ಜಿ, ಮದ್ವೆ ಬಾಗಿಲಿಗೆ ಯಾರಾದ್ರೂ ಮೀನೆಣ್ಣೆ ಹಚ್ತಾರಾ?" ಎಂದು ಹುಡುಗಿಯ ಅತ್ತೆ ರೇಗಿದಳು. ಹುಡುಗಿಯ ಕಣ್ಣು ತುಂಬಿತು.

ಅಜ್ಜಿ ತನ್ನ ಸೆರಗಿನಿಂದ ಆ ಕಲೆಯನ್ನು ಮೆಲ್ಲಗೆ ಒತ್ತಿದಳು.

"ಹೋಗೂದಿಲ್ಲ ಮಗಾ," ಎಂದಳು. "ನಂದೂ ಹೋಗ್ಲಿಲ್ಲ."