ಹುಡುಕುವವರ ಕಾಲಂ

ಮೃತರ ಹೆಸರುಗಳನ್ನು ಆಕೆ ಮತ್ತೊಮ್ಮೆ ಓದಿದಳು. ಗಂಡನ ಹೆಸರು ಇರಲಿಲ್ಲ. ಕಣ್ಣು ತುಂಬಿ ಬಂತು.

“ಇಲ್ಲ ಅಂದ್ರೆ ಒಳ್ಳೇದೇ ಅಲ್ವೇನಮ್ಮಾ,” ಎಂದ ಶಿಬಿರದ ಮೇಲ್ವಿಚಾರಕ.

ನೆರೆ ಇಳಿದಿದ್ದರೂ ಶಾಲೆಯ ಕೋಣೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಪ್ಯೂಟರ್ ಬಲ್ಲವಳೆಂದು ಅವಳನ್ನೇ ಕರೆದು ಕೂರಿಸಿದ್ದರು. ಬಲಗೈಗೆ ಪಟ್ಟಿ ಕಟ್ಟಿತ್ತು. ಆ ಶಿಬಿರದಲ್ಲಿ ಪೆಟ್ಟಾಗದವರು ಯಾರಿದ್ದರು? ಎಡಗೈಯಲ್ಲೇ ಕೀಲಿ ಒತ್ತುತ್ತಿದ್ದಳು.

ಎದುರಿಗಿದ್ದದ್ದು ಉದ್ದನೆಯ ಒಂದೇ ಎಕ್ಸೆಲ್ ಹಾಳೆ. ಒಂದು ಶಿಬಿರದವರು ಏರಿಗೆಳೆದರೆ ಇನ್ನೊಂದರವರು ನೀರಿಗೆಳೆದು ಅದನ್ನು ಕಲಸುಮೇಲೋಗರ ಮಾಡಿಟ್ಟಿದ್ದರು. ಬದುಕಿದವರು, ಸತ್ತವರು, ಕಾಣೆಯಾದವರು, ಅವರನ್ನು ಹುಡುಕುವವರು, ಎಲ್ಲರೂ ಅಲ್ಲೇ. ಮೂವರು ಮಕ್ಕಳನ್ನು ಹುಡುಕುವ ತಾಯಿ ಮೂರು ಸಾಲಿನಲ್ಲಿದ್ದಳು. ಅದನ್ನು ಒಡೆದು ಬೇರೆ ಬೇರೆ ಟೇಬಲ್ ಮಾಡಬೇಕಿತ್ತು. ಶಿಬಿರದಲ್ಲಿರುವವರದು ಒಂದು, ಮೃತರದು ಒಂದು, ಹುಡುಕುವವರದು ಇನ್ನೊಂದು. ಒಬ್ಬರಿಗೆ ಒಂದೇ ಸಾಲು, ಒಂದೇ ನಂಬರು. ಸಂಜೆ ಆ ನಂಬರುಗಳನ್ನು ಬೆಸೆದರೆ, ಹುಡುಕುವವರ ಫೋನಿಗೆ ತಮ್ಮವರು ಎಲ್ಲಿದ್ದಾರೆಂಬ ಸಂದೇಶ ತಾನಾಗಿಯೇ ಹೋಗುತ್ತಿತ್ತು.

ಅಷ್ಟರೊಳಗೆ ಗಂಡನ ಸುದ್ದಿ ತಿಳಿಯದಿದ್ದರೆ ತಾನೂ ಮಗಳೂ ಕೆಟ್ಟೆವು ಎಂದು ಅವಳ ಜೀವ ಬಾಯಿಗೆ ಬಂದಿತ್ತು. ಊಟಕ್ಕೂ ಏಳದೆ ಒಡೆಯುತ್ತಾ ಹೋದಳು. ಮೇಜಿನ ಪಕ್ಕದಲ್ಲಿ ಮಗಳು ಗಾಢ ನಿದ್ದೆಯಲ್ಲಿದ್ದಳು.

“ಅಪ್ಪ ಎಲ್ಲಿ ಅಂತ ಒಂದ್ಸಲಾನೂ ಕೇಳಿಲ್ಲ ಮಗು. ಗಟ್ಟಿಗಿತ್ತಿ.”

“ಹೂಂ ಸರ್, ಕಲಿತುಬಿಟ್ಟಿದಾಳೆ.”

ಕಾಣೆಯಾದವರಲ್ಲೂ ಅವನಿಲ್ಲ. ಉಳಿದದ್ದು ಹುಡುಕುವವರ ಕಾಲಂ. ಅತ್ತ ಆಕೆ ಕಣ್ಣು ಹಾಯಿಸಿಯೇ ಇರಲಿಲ್ಲ. ಅದನ್ನು ಪ್ರತ್ಯೇಕ ಟೇಬಲ್ಲಿಗೆ ಎಳೆದಾಗ ಅವನು ಸಿಕ್ಕಿದ. ನದಿಯಾಚೆಯ ಶಿಬಿರ. ಹುಡುಕುತ್ತಿದ್ದದ್ದು ಹೆಂಡತಿಯನ್ನು, ಮಗಳನ್ನು.

ಬಗ್ಗಿ ನೋಡಿದ ಮೇಲ್ವಿಚಾರಕನ ಮುಖ ಅರಳಿತು. “ಬದುಕಿದಾರಲ್ಲಮ್ಮಾ. ನಿಮ್ಮನ್ನೇ ಹುಡುಕ್ತಿದಾರೆ.”

“ಹೌದು ಸರ್. ಹುಡುಕದೆ ಬಿಡೋರಲ್ಲ ಅವರು.”

“ಎಲ್ಲರಿಗಿಂತ ಮೊದ್ಲು ಅವರಿಗೇ ಸಂದೇಶ ಹೋಗ್ಲಿ.”

“ಈಗಲೇ ಕಳಿಸ್ತೀನಿ ಸರ್.”

ಮೇಲ್ವಿಚಾರಕ ಕಣ್ಣೊರೆಸಿಕೊಳ್ಳುತ್ತಾ ಸಂತೋಷದ ಸುದ್ದಿಯನ್ನು ಪಕ್ಕದ ಕೋಣೆಯವರಿಗೆ ಹೇಳಲು ಹೊರಟ.

ಅವನು ಬಾಗಿಲು ದಾಟಿದೊಡನೆ ಆಕೆ ತನ್ನ ಸಾಲನ್ನೂ ಮಗಳ ಸಾಲನ್ನೂ ಶಿಬಿರದವರ ಟೇಬಲ್ಲಿನಿಂದ ಕಿತ್ತು ಮೃತರ ಟೇಬಲ್ಲಿಗೆ ಹಾಕಿ, ಸಂದೇಶ ಕಳಿಸಿಬಿಟ್ಟಳು. ಗಂಡನ ಹೊಡೆತಕ್ಕೆ ಎಟುಕದ ಜಾಗ ಇಷ್ಟು ವರ್ಷಗಳಲ್ಲಿ ಅವಳಿಗೆ ಸಿಕ್ಕಿದ್ದು ಅದೊಂದೇ.